ಪೆಟ್-ಸಿಟಿ ವಿಭಾಗದಲ್ಲಿ ನನ್ನ ಬ್ಯಾಡ್ಜ್‌ಗೆ ಮಾತ್ರ ಯಾಕೆ ಜಾಸ್ತಿ ಡೋಸ್?

ಪ್ರಶ್ನೆ: ನಾನು ಮೈಸೂರಿನ ಒಂದು ಖಾಸಗಿ ಸ್ಕ್ಯಾನ್ ಸೆಂಟರ್‌ನಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ದಿನಕ್ಕೆ ಏಳೆಂಟು ಪೆಟ್-ಸಿಟಿ ಸ್ಕ್ಯಾನ್ ಇರುತ್ತವೆ. ಅದಕ್ಕಾಗಿ ರೋಗಿಗೆ ಚುಚ್ಚುವ ವಿಕಿರಣದ ಔಷಧಿ ಎಫ್‌ಡಿಜಿ ಬೆಂಗಳೂರಿನಿಂದ ಗಾಡಿಯಲ್ಲಿ ಬರುತ್ತದೆ. ಸಿರಿಂಜ್‌ಗೆ ಎಳೆಯುವುದು, ಇಂಜೆಕ್ಷನ್ ಕೊಡುವುದು, ರೋಗಿಯನ್ನು ಟೇಬಲ್ ಮೇಲೆ ಮಲಗಿಸುವುದು ಎಲ್ಲ ನನ್ನದೇ. ಈ ಸಲದ ಮೂರು ತಿಂಗಳ ಟಿಎಲ್‌ಡಿ (ಡೋಸ್ ಅಳೆಯುವ ಬ್ಯಾಡ್ಜ್) ವರದಿಯಲ್ಲಿ ನನಗೆ 1.1 ಮಿಲಿಸೀವರ್ಟ್ ಬಂದಿದೆ. ಎಕ್ಸ್-ರೇ ವಿಭಾಗದ ಗೆಳತಿಗೆ ಸೊನ್ನೆ. ಲೆಡ್ ಏಪ್ರನ್ ಕೇಳಿದರೆ "ಅದರಿಂದ ಉಪಯೋಗ ಇಲ್ಲ, ಬೇಕಾದರೆ ಡ್ಯೂಟಿ ಬದಲಾಯಿಸಿಕೊಳ್ಳಿ" ಎನ್ನುತ್ತಾರೆ. ಎಳನೀರು ಕುಡಿದರೆ ರೇಡಿಯೇಶನ್ ಇಳಿಯುತ್ತದೆ ಅಂತಲೂ ಒಬ್ಬರು ಹೇಳಿದರು. ಮುಂದಿನ ವರ್ಷ ಮಗು ಮಾಡಿಕೊಳ್ಳುವ ಯೋಚನೆ ಇದೆ. ಹೆದರಬೇಕಾ? ಏನು ಮಾಡಬೇಕು?

ಉತ್ತರ: ಮೊದಲು ಆ 1.1ರ ಬಗ್ಗೆ ಮಾತಾಡೋಣ. ಮಿಲಿಸೀವರ್ಟ್ ಅಂದರೆ ಮೈಗೆ ಬಿದ್ದ ವಿಕಿರಣದ ಅಳತೆ. ಇದೇ ಲೆಕ್ಕ ಮುಂದುವರಿದರೆ ವರ್ಷಕ್ಕೆ 4.4 ಮಿಲಿಸೀವರ್ಟ್ ಆಗುತ್ತದೆ. ನಮ್ಮ ದೇಶದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ವಿಕಿರಣದ ಕೆಲಸ ಮಾಡುವವರಿಗೆ ಹಾಕಿರುವ ಮಿತಿ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್. ಈ ಸರಾಸರಿಯನ್ನು ಐದು ವರ್ಷಕ್ಕೆ ಲೆಕ್ಕ ಹಾಕುತ್ತಾರೆ. ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಇನ್ನು ನೆಲ, ಗಾಳಿ, ಆಕಾಶ, ಊಟದಿಂದ ಪ್ರಪಂಚದ ಪ್ರತಿ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ಹಾಗಾಗಿ ಹೆದರುವ ಅಂಕಿ ಇದಲ್ಲ. ಆದರೆ "ಮಿತಿಯೊಳಗೇ ಇದೆಯಲ್ಲ" ಎಂದು ಫೈಲು ಮುಚ್ಚುವ ಅಂಕಿಯೂ ಅಲ್ಲ. ನಿಮ್ಮ ಕೆಲಸದಲ್ಲಿ ಇದನ್ನು ಇನ್ನೂ ಇಳಿಸಬಹುದು. ಅದಕ್ಕೆ ಖರ್ಚೂ ಅಷ್ಟೇನಿಲ್ಲ.

ಗೆಳತಿಯ ಸೊನ್ನೆ ಜೊತೆ ಹೋಲಿಸಿಕೊಳ್ಳಬೇಡಿ. ಎಕ್ಸ್-ರೇ ಯಂತ್ರದ ಸ್ವಿಚ್ ಬಿಟ್ಟರೆ ಕಿರಣ ನಿಂತಿತು. ಆ ಹೊತ್ತಿಗೆ ಅವರು ಗೋಡೆಯ ಆಚೆ ಇರುತ್ತಾರೆ. ನಿಮ್ಮಲ್ಲಿ ಇಂಜೆಕ್ಷನ್ ಆದ ಮೇಲೆ ರೋಗಿಯೇ ಕಿರಣದ ಮೂಲ. ಅವರು ನಡೆಯುತ್ತಾರೆ, ಮಾತಾಡುತ್ತಾರೆ, "ಸಿಸ್ಟರ್, ನೀರು" ಅಂತ ಕರೆಯುತ್ತಾರೆ. ಅವರಿಗೆ ಸ್ವಿಚ್ ಇಲ್ಲ. ಹಾಗೆ ನೋಡಿದರೆ ದಿನವಿಡೀ ಪೆಟ್ ಕೆಲಸ ಮಾಡುವವರ ಬ್ಯಾಡ್ಜ್‌ನಲ್ಲಿ ಸೊನ್ನೆ ಬಂದರೇ ನನಗೆ ಸಂತೋಷಕ್ಕಿಂತ ಅನುಮಾನ ಜಾಸ್ತಿ. ಬ್ಯಾಡ್ಜ್ ಡ್ರಾಯರ್‌ನಲ್ಲಿ ಇತ್ತೋ ಏನೋ ಅಂತ.

ಈಗ ನಿಮ್ಮ ಅಂಕಿಯನ್ನು ಬಿಡಿಸಿ ನೋಡಿ. ಮೂರು ತಿಂಗಳಲ್ಲಿ ಸುಮಾರು 75 ಕೆಲಸದ ದಿನ. ದಿನಕ್ಕೆ ಏಳೆಂಟು ರೋಗಿಗಳು ಅಂದರೆ ಹೆಚ್ಚುಕಡಿಮೆ 550 ಜನ. 1.1 ಮಿಲಿಸೀವರ್ಟ್ ಅಂದರೆ 1100 ಮೈಕ್ರೋಸೀವರ್ಟ್. ಒಬ್ಬ ರೋಗಿಯ ಲೆಕ್ಕಕ್ಕೆ ನಿಮ್ಮ ಮೇಲೆ 2 ಮೈಕ್ರೋಸೀವರ್ಟ್ ಬಿತ್ತು. ಏಳು ಮಿಲಿಕ್ಯೂರಿ (ವಿಕಿರಣ ವಸ್ತು ಎಷ್ಟಿದೆ ಎಂಬುದರ ಅಳತೆ) ಎಫ್‌ಡಿಜಿ ಆಗಷ್ಟೇ ತೆಗೆದುಕೊಂಡ ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 24 ಮೈಕ್ರೋಸೀವರ್ಟ್ ಇರುತ್ತದೆ. ಐದು ನಿಮಿಷ ಅಲ್ಲಿ ನಿಂತರೆ ಸರಿಯಾಗಿ 2. ಅರ್ಧ ಮೀಟರ್‌ಗೆ ಹೋದರೆ ಇದು ಮೂರು ನಾಲ್ಕು ಪಟ್ಟು ಏರುತ್ತದೆ. ಆಗ ಒಂದೂವರೆ ನಿಮಿಷದಲ್ಲೇ ಅದೇ 2 ಸೇರಿಬಿಡುತ್ತದೆ. ಅಂದರೆ ನಿಮ್ಮ ಮೂರು ತಿಂಗಳ ವರದಿಯನ್ನು ಬರೆಯುತ್ತಿರುವುದು ಪ್ರತಿ ರೋಗಿಯ ಹತ್ತಿರ ಕಳೆಯುವ ಈ ಒಂದೆರಡು ನಿಮಿಷಗಳೇ. ಆ ನಿಮಿಷ ಯಾವುದು ಅಂತ ಗೊತ್ತಾಗದೆ ಏನು ಕೊಂಡರೂ ದಂಡ.

ಅದಕ್ಕೇ ನನ್ನ ಮೊದಲ ಸಲಹೆ: ನಿಮ್ಮ ಆರ್‌ಎಸ್‌ಒ (ವಿಕಿರಣ ಸುರಕ್ಷಾ ಅಧಿಕಾರಿ) ಹತ್ತಿರ ಪಾಕೆಟ್ ಡೋಸಿಮೀಟರ್ ಕೇಳಿ ತೆಗೆದುಕೊಳ್ಳಿ. ಬಿದ್ದ ಡೋಸನ್ನು ಅದು ಆಗಲೇ ತೋರಿಸುತ್ತದೆ. ಒಳ್ಳೆಯ ಸೆಂಟರ್‌ಗಳಲ್ಲಿ ಒಂದಾದರೂ ಇರುತ್ತದೆ, ಸಾಮಾನ್ಯವಾಗಿ ಕಪಾಟಿನಲ್ಲಿ. ಎರಡು ವಾರ ಅದನ್ನು ಎದೆಯ ಹತ್ತಿರ ಸಿಕ್ಕಿಸಿಕೊಂಡು ಪ್ರತಿ ಹೆಜ್ಜೆಗೂ ಮುಂಚೆ, ಆಮೇಲೆ ರೀಡಿಂಗ್ ಬರೆಯಿರಿ. ಸಿರಿಂಜ್‌ಗೆ ಎಳೆದಾಗ ಎಷ್ಟು, ಇಂಜೆಕ್ಷನ್‌ನಲ್ಲಿ ಎಷ್ಟು, ಟಾಯ್ಲೆಟ್‌ಗೆ ಕರೆದುಕೊಂಡು ಹೋದಾಗ ಎಷ್ಟು, ಮಲಗಿಸಿದಾಗ, ಎಬ್ಬಿಸಿದಾಗ ಎಷ್ಟು. ಬೆಳಗಿನ ಕ್ಯೂಸಿಯನ್ನೂ, ಅಂದರೆ ಯಂತ್ರದ ಪರೀಕ್ಷೆಯನ್ನೂ, ಬಿಡಬೇಡಿ. ಆ ಪರೀಕ್ಷೆಗೆ ಬಳಸುವ, ವಿಕಿರಣದ ಜರ್ಮೇನಿಯಂ-68 ಇರುವ ಫ್ಯಾಂಟಮ್ ಅನ್ನು ಎಷ್ಟೋ ಜನ ಮಗುವಿನ ಹಾಗೆ ಎದೆಗೆ ಅವುಚಿಕೊಂಡು ತರುತ್ತಾರೆ. ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಅವಧಿ, 271 ದಿನ. ಸಂಜೆಯಾದರೂ ಇಳಿಯುವುದಿಲ್ಲ. ಟ್ರಾಲಿಯಲ್ಲಿ ತಂದರೆ ಮುಗಿಯಿತು.

ಹೀಗೆ ಬರೆದವರಿಗೆ ಸಾಮಾನ್ಯವಾಗಿ ಒಂದು ವಿಷಯ ಕಾಣುತ್ತದೆ. ಮೈಗೆ ಬೀಳುವ ಡೋಸ್‌ನ ದೊಡ್ಡ ಪಾಲು ಎಲ್ಲರೂ ಹೆದರುವ ಹಾಟ್ ಲ್ಯಾಬ್‌ನಿಂದ, ಅಂದರೆ ಎಫ್‌ಡಿಜಿಯನ್ನು ಸಿರಿಂಜ್‌ಗೆ ಎಳೆಯುವ ರೂಮಿನಿಂದ, ಬರುವುದಿಲ್ಲ. ಅಲ್ಲಿ ಮೈಗೆ ಅಡ್ಡ ಸೀಸದ ಎಲ್-ಬೆಂಚ್ ಇದೆ, ಕೆಲಸವೂ ಒಂದೆರಡು ನಿಮಿಷದ್ದು. ದೊಡ್ಡ ಪಾಲು ಬರುವುದು ಇಂಜೆಕ್ಷನ್ ಆದ ಮೇಲೆ ರೋಗಿಯ ಪಕ್ಕ ನಿಂತು ಮಾತಾಡಿದ್ದರಿಂದ ಮತ್ತು ಟೇಬಲ್ ಮೇಲೆ ಸರಿಪಡಿಸಿದ್ದರಿಂದ. ಬೆರಳಿನ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಾತಿನಿಂದ ಶುರು ಮಾಡಿ. ಹೇಳಬೇಕಾದ್ದನ್ನೆಲ್ಲ ಇಂಜೆಕ್ಷನ್‌ಗೆ ಮುಂಚೆಯೇ ಹೇಳಿ ಮುಗಿಸಬೇಕು. ಒಂದು ಗಂಟೆ ಸುಮ್ನೆ ಮಲಗಬೇಕು, ಫೋನ್ ನೋಡಬಾರದು, ಇಷ್ಟು ನೀರು ಕುಡಿಯಬೇಕು, ಟಾಯ್ಲೆಟ್ ಇಲ್ಲಿದೆ, ಸ್ಕ್ಯಾನ್‌ನಲ್ಲಿ ಕೈ ತಲೆಯ ಮೇಲೆ ಹೀಗೆ ಇಡಬೇಕು. ಕೈ ಇಡುವುದನ್ನು ಆಗಲೇ ಒಂದು ಸಲ ಮಾಡಿಸಿ ನೋಡಿ. ಭುಜ ನೋವಿನವರು ಯಾರು ಅಂತ ಆಗಲೇ ಗೊತ್ತಾದರೆ ದಿಂಬು ಮೊದಲೇ ಇಡಬಹುದು. ಸಕ್ಕರೆ ಪರೀಕ್ಷೆ, ಹಳೆಯ ರಿಪೋರ್ಟ್, ಆಪರೇಷನ್ ಆಗಿದೆಯಾ ಎಂಬ ವಿಚಾರಣೆ ಎಲ್ಲ ಆಗಲೇ. ಇಂಜೆಕ್ಷನ್ ಕೊಟ್ಟು "ಯಾವ ಊರು ನಿಮ್ದು?" ಅಂತ ಶುರು ಮಾಡುವುದು ನಮ್ಮವರ ಒಳ್ಳೆಯ ಗುಣ, ಬೇಡ ಅನ್ನುವುದಿಲ್ಲ. ಊರು ಕೇಳುವುದನ್ನು ಹತ್ತು ನಿಮಿಷ ಮುಂಚೆ ಕೇಳಿ ಅಷ್ಟೆ. ನಿಮ್ಮಲ್ಲಿಗೆ ವಯನಾಡಿನ ಕಡೆಯವರು, ತಮಿಳಿನವರು, ಉರ್ದು ಮಾತಾಡುವವರೂ ಬರುತ್ತಿರಬಹುದು. ಆ ಭಾಷೆಗಳಲ್ಲಿ ಎರಡು ನಿಮಿಷದ ಸೂಚನೆಯನ್ನು ಯಾರಿಂದಲಾದರೂ ರೆಕಾರ್ಡ್ ಮಾಡಿಸಿ ಕೇಳಿಸಿ. ಅರ್ಥ ಆಗದ ರೋಗಿಗೆ ಕೈಸನ್ನೆಯಲ್ಲಿ ಹೇಳಲು ಹತ್ತಿರ ಹೋಗಿ ನಿಲ್ಲುವ ಆ ಮೂರು ನಿಮಿಷಕ್ಕಿಂತ ದುಬಾರಿ ನಿಮಿಷ ನಿಮ್ಮ ದಿನದಲ್ಲಿ ಇನ್ನೊಂದಿಲ್ಲ.

ನರಕ್ಕೆ ಹಾಕುವ ಕೊಳವೆ, ಅಂದರೆ ಕ್ಯಾನುಲಾ, ಮೊದಲೇ ಹಾಕಿ, ಸಲೈನ್ ಬಿಟ್ಟು ನೋಡಿ, ಸರಾಗವಾಗಿ ಹೋಗುತ್ತಿದೆ ಅಂತ ಖಚಿತವಾದ ಮೇಲಷ್ಟೇ ಎಫ್‌ಡಿಜಿ ಸಿರಿಂಜ್ ಒಳಗೆ ತನ್ನಿ. ಕೀಮೋ ಆದವರ ನರ ಸಿಗುವುದು ಕಷ್ಟ. ಸಿರಿಂಜ್ ಪಕ್ಕದಲ್ಲಿಟ್ಟುಕೊಂಡು ನರ ಹುಡುಕುವವರನ್ನು ನೋಡಿದ್ದೇನೆ. ಅದು ಬೇಡವೇ ಬೇಡ. ಇಂಜೆಕ್ಷನ್ ಆದ ಕೂಡಲೇ ಕ್ಯಾನುಲಾ ತೆಗೆಯುವ ಅಗತ್ಯವೂ ಇಲ್ಲ. ಸ್ಕ್ಯಾನ್ ಆದ ಮೇಲೆ ತೆಗೆಯಿರಿ. ಎಫ್‌ಡಿಜಿಯಲ್ಲಿ ಕಿರಣ ಸೂಸುವ ಎಫ್-18ರ ಅರ್ಧಾಯುಷ್ಯ 110 ನಿಮಿಷ, ಜೊತೆಗೆ ಒಂದು ಪಾಲು ಮೂತ್ರದಲ್ಲೂ ಹೋಗಿರುತ್ತದೆ. ಅಷ್ಟು ಹೊತ್ತಿಗೆ ರೋಗಿಯಿಂದ ಬರುವ ಕಿರಣ ಅರ್ಧಕ್ಕೆ ಹತ್ತಿರ ಇಳಿದಿರುತ್ತದೆ.

ಎಳನೀರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೊರಗಿನಿಂದ ಬಿದ್ದ ಕಿರಣ ನಿಮ್ಮ ಮೈಯಲ್ಲಿ ಕೂತಿರುವುದಿಲ್ಲ, ತೊಳೆದು ಹೋಗಲು ಅಲ್ಲಿ ಏನೂ ಇಲ್ಲ. ಬಾಯಾರಿದರೆ ಕುಡಿಯಿರಿ. ಆದರೆ ರೋಗಿ ನೀರು ಕುಡಿದರೆ ನಿಮಗೆ ನಿಜವಾಗಿಯೂ ಲಾಭ ಇದೆ. ಸ್ಕ್ಯಾನ್‌ಗೆ ಮುಂಚೆ ಮೂತ್ರಕ್ಕೆ ಹೋಗಿ ಬಂದ ರೋಗಿಯನ್ನು ಮಲಗಿಸುವಾಗ ನಿಮ್ಮ ಮೈಗೆ ಬೀಳುವುದು ಕಡಿಮೆ, ಡಾಕ್ಟರಿಗೆ ಕಿಬ್ಬೊಟ್ಟೆಯ ಚಿತ್ರವೂ ಚೆನ್ನಾಗಿ ಸಿಗುತ್ತದೆ. ಟಾಯ್ಲೆಟ್‌ಗೆ ನೀವೇ ಕೈಹಿಡಿದು ಕರೆದೊಯ್ಯದೆ ನೆಲದ ಮೇಲೆ ಬಣ್ಣದ ಪಟ್ಟಿ ಹಚ್ಚಿ ದಾರಿ ತೋರಿಸಿ. ಕ್ಯಾಮೆರಾ, ಸ್ಪೀಕರ್ ಇದ್ದರೆ ಬಳಸಿ. ಅವು ಇದ್ದೂ ಬಾಗಿಲು ತೆಗೆದು "ಆಯ್ತಾ?" ಅಂತ ಕೇಳುವ ಅಭ್ಯಾಸ ಎಲ್ಲ ಕಡೆ ಇದೆ.

ಮಲಗಿಸುವಾಗ ಹೊಟ್ಟೆಯ ಪಕ್ಕ ನಿಲ್ಲುವುದಕ್ಕಿಂತ ಕಾಲಿನ ಕಡೆ ನಿಂತರೆ ಕಡಿಮೆ ಬೀಳುತ್ತದೆ. ಬೆಲ್ಟ್, ಬೆಡ್‌ಶೀಟ್, ದಿಂಬು ಎಲ್ಲ ಮೊದಲೇ ಟೇಬಲ್ ಮೇಲೆ ಇರಲಿ. ನಡೆಯಲಾಗದವರನ್ನು ಎತ್ತುವುದಕ್ಕೆ ಇಬ್ಬರು ಇದ್ದರೆ ಅರ್ಧ ನಿಮಿಷ, ಒಬ್ಬರೇ ಆದರೆ ನಾಲ್ಕು ನಿಮಿಷ ಮತ್ತು ಸೊಂಟ ನೋವು. ಇದರಲ್ಲಿ ಆಡಳಿತದವರು ಉಳಿಸುವ ಸಂಬಳ ಯಾರ ಬ್ಯಾಡ್ಜ್‌ನಲ್ಲಿ ಬೀಳುತ್ತಿದೆ ಅಂತ ಅವರಿಗೆ ಅಂಕಿ ತೋರಿಸಿ ಹೇಳಿ.

ಏಪ್ರನ್ ಬಗ್ಗೆ ನಿಮ್ಮ ಸೆಂಟರ್‌ನವರು ಹೇಳಿದ್ದು ಎಫ್‌ಡಿಜಿ ಮಟ್ಟಿಗೆ ನಿಜ. ಎಫ್-18ರಿಂದ ಬರುವ ಕಿರಣದ ಶಕ್ತಿ 511 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದನ್ನು ಅರ್ಧ ಮಾಡಲು ನಾಲ್ಕೈದು ಮಿಲಿಮೀಟರ್ ಸೀಸ ಬೇಕು. ಮಾಮೂಲಿ ಏಪ್ರನ್‌ನಲ್ಲಿ ಇರುವುದು ಅರ್ಧ ಮಿಲಿಮೀಟರ್. ಹತ್ತರಲ್ಲಿ ಒಂದು ಪಾಲನ್ನೂ ಅದು ತಡೆಯುವುದಿಲ್ಲ. ಆ ಭಾರ ಹೊತ್ತು ಕೈ ನಿಧಾನವಾದರೆ ನಷ್ಟವೇ ಜಾಸ್ತಿ. ಬೋನ್ ಸ್ಕ್ಯಾನ್‌ನಂಥವಕ್ಕೆ ಬಳಸುವ ಟೆಕ್ನೀಶಿಯಂ-99ಎಂ ಕೆಲಸದಲ್ಲಿ ಹಾಗಲ್ಲ. ಅದರ ಕಿರಣ 140, ಅದೇ ಏಪ್ರನ್ ಅರ್ಧಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಗಾಮಾ ಕ್ಯಾಮೆರಾ ರೂಮಿನಲ್ಲಿ ಬೋನ್ ಸ್ಕ್ಯಾನ್ ರೋಗಿಯ ಪಕ್ಕ ಬಹಳ ಹೊತ್ತು ಕೂರಬೇಕಾಗಿ ಬಂದರೆ ಹಾಕಿಕೊಳ್ಳಿ. ಏಪ್ರನ್ ಹಾಕಿದಾಗ ಬ್ಯಾಡ್ಜ್ ಒಳಗೆ, ಎದೆಯ ಮೇಲೆ ಇರಬೇಕು. ಕಳಚಿದ ಏಪ್ರನ್‌ನಲ್ಲೇ ಬ್ಯಾಡ್ಜ್ ಬಿಟ್ಟು, ಆ ಏಪ್ರನ್ ಅನ್ನು ಇಂಜೆಕ್ಷನ್ ರೂಮಿನ ಬಾಗಿಲ ಹಿಂದೆ ನೇತುಹಾಕಿ ಊಟಕ್ಕೆ ಹೋದರೆ ಬ್ಯಾಡ್ಜ್ ನಿಮ್ಮ ಪರವಾಗಿ ಡ್ಯೂಟಿ ಮಾಡುತ್ತಿರುತ್ತದೆ. ನಿಮ್ಮ 1.1ರಲ್ಲಿ ಹೀಗೆ ಸೇರಿದ್ದೂ ಇರಬಹುದು, ನೋಡಿಕೊಳ್ಳಿ. ಹೋಲಿಕೆಗೆ ಅಂತ ಇಡುವ ಕಂಟ್ರೋಲ್ ಬ್ಯಾಡ್ಜ್ ಎಲ್ಲಿ ಇಟ್ಟಿದ್ದಾರೆ ಅಂತಲೂ ಕೇಳಿ. ಅದು ಯಾವ ಮೂಲವೂ ಹತ್ತಿರ ಇಲ್ಲದ ಜಾಗದಲ್ಲಿರಬೇಕು.

"ಡ್ಯೂಟಿ ಬದಲಾಯಿಸಿಕೊಳ್ಳಿ" ಎನ್ನುವುದು ಮಾತ್ರ ಅರ್ಧ ಉತ್ತರ. ಅದರಿಂದ ನಿಮ್ಮ ಅಂಕಿ ಇಳಿಯುತ್ತದೆ, ಇನ್ನೊಬ್ಬರದು ಏರುತ್ತದೆ. ಹೊಸಬರ ಕೈ ನಿಧಾನವಾದರೆ ಇಬ್ಬರದೂ ಸೇರಿ ಮೊದಲಿಗಿಂತ ಜಾಸ್ತಿಯೂ ಆಗಬಹುದು. ಮೊದಲು ಕೆಲಸದ ರೀತಿ ಸರಿಮಾಡಿ, ಉಳಿದದ್ದನ್ನು ಹಂಚಿಕೊಳ್ಳಿ.

ಇನ್ನು ಬೆರಳು. ನೀವು ಕೇಳಲಿಲ್ಲ, ಆದರೆ ನನಗೆ ನಿಮ್ಮ 1.1ಕ್ಕಿಂತ ಇದರ ಚಿಂತೆ ಜಾಸ್ತಿ. ಎದೆಯ ಬ್ಯಾಡ್ಜ್‌ಗೆ ಬೆರಳಿನ ಸುದ್ದಿ ಗೊತ್ತಾಗುವುದೇ ಇಲ್ಲ. ಏಳು ಮಿಲಿಕ್ಯೂರಿ ಎಫ್‌ಡಿಜಿ ಇರುವ ಸಿರಿಂಜ್ ಅನ್ನು ಯಾವ ಕವಚವೂ ಇಲ್ಲದೆ ದ್ರವ ಇರುವ ಜಾಗದಲ್ಲೇ ಹಿಡಿದರೆ, ತಾಗಿದ ಚರ್ಮಕ್ಕೆ ಸೆಕೆಂಡಿಗೆ ಸುಮಾರು 0.2 ಮಿಲಿಸೀವರ್ಟ್ ಬೀಳುತ್ತದೆ. ಹತ್ತು ಸೆಕೆಂಡಿಗೆ 2. ಕೈಗಳ ಚರ್ಮಕ್ಕೆ ವರ್ಷದ ಮಿತಿ 500 ಮಿಲಿಸೀವರ್ಟ್. ದಿನಕ್ಕೆ ಎಂಟು ರೋಗಿಗೆ ಹೀಗೆ ಹತ್ತು ಸೆಕೆಂಡ್ ಹಿಡಿದರೂ ಒಂದು ತಿಂಗಳು ಚಿಲ್ಲರೆಯಲ್ಲಿ ಆ ಮಿತಿ ಮುಗಿಯುತ್ತದೆ. ಯೂರೋಪಿನಲ್ಲಿ 2008ರಿಂದ 2011ರವರೆಗೆ ಒರಾಮೆಡ್ ಎಂಬ ಯೋಜನೆಯಲ್ಲಿ ಹಲವು ಆಸ್ಪತ್ರೆಗಳ ಸಿಬ್ಬಂದಿಯ ಕೈಗಳನ್ನು ಬೆರಳು ಬೆರಳಾಗಿ ಅಳೆದರು. ಐವರಲ್ಲಿ ಒಬ್ಬರು ಚರ್ಮದ ವಾರ್ಷಿಕ ಮಿತಿ ದಾಟುವ ಹಾದಿಯಲ್ಲಿದ್ದರು. ಹೆಚ್ಚಾಗಿ ಬಿದ್ದಿದ್ದು ಎಡಗೈಯ ತೋರುಬೆರಳಿನ ತುದಿಗೆ. ಬಲಗೈ ಬಳಸುವವರು ಸಿರಿಂಜ್ ಅನ್ನು ಆಧಾರಕ್ಕೆ ಹಿಡಿಯುವುದು ಎಡಗೈಯಲ್ಲಿ ಅಲ್ವಾ, ಅದಕ್ಕೆ.

ಒರಾಮೆಡ್‌ನವರು ಕೊಟ್ಟ ಸಲಹೆ ಸರಳ. ರಿಂಗ್ ಡೋಸಿಮೀಟರ್ ಅನ್ನು ಬಲಗೈಯವರು ಎಡಗೈ ತೋರುಬೆರಳಿನ ಬುಡದಲ್ಲಿ, ಗ್ಲೌಸ್ ಒಳಗೆ, ಚಿಪ್ ಅಂಗೈ ಕಡೆ ತಿರುಗಿರುವ ಹಾಗೆ ಹಾಕಬೇಕು. ಬಂದ ಅಂಕಿಯನ್ನು ಆರರಿಂದ ಗುಣಿಸಿದರೆ ಅತಿ ಹೆಚ್ಚು ಬಿದ್ದ ಜಾಗದ ಅಂದಾಜು ಸಿಗುತ್ತದೆ. ನಿಮಗೆ ಮಣಿಕಟ್ಟಿನ ಬ್ಯಾಡ್ಜ್ ಕೊಟ್ಟಿದ್ದರೆ ಅದನ್ನು ನೋಡಿ ನೆಮ್ಮದಿಪಡಬೇಡಿ. ಅದು ಬೆರಳ ತುದಿಯ ಡೋಸ್‌ನ ಇಪ್ಪತ್ತರಲ್ಲಿ ಒಂದು ಪಾಲನ್ನಷ್ಟೇ ತೋರಿಸುತ್ತಿರಬಹುದು.

ಪರಿಹಾರ ಸಿರಿಂಜ್ ಶೀಲ್ಡ್. ಸರಿಯಾದ ಶೀಲ್ಡ್ ಅನ್ನುವುದು ಮುಖ್ಯ. ಗಾಮಾ ಕ್ಯಾಮೆರಾ ಇದ್ದ ಕಡೆಯೇ ಆಮೇಲೆ ಪೆಟ್ ಬಂದ ಸೆಂಟರ್‌ಗಳಲ್ಲಿ ಟೆಕ್ನೀಶಿಯಂಗೆ ಕೊಂಡ ಎರಡು ಮಿಲಿಮೀಟರ್ ಟಂಗ್‌ಸ್ಟನ್ ಶೀಲ್ಡ್‌ನಲ್ಲೇ ಎಫ್‌ಡಿಜಿ ಕೊಡುವುದುಂಟು. ಎಫ್-18ರ ಕಿರಣದಲ್ಲಿ ಅರ್ಧವನ್ನೂ ಅದು ತಡೆಯುವುದಿಲ್ಲ. ಎಂಟು ಮಿಲಿಮೀಟರ್‌ನದು ಎಂಟರಲ್ಲಿ ಸುಮಾರು ಏಳು ಪಾಲು ತಡೆಯುತ್ತದೆ. ಹೌದು, ಅದು ಭಾರ. ಮೊದಲ ವಾರ ಕೈ ನೋಯುತ್ತದೆ. "ಶೀಲ್ಡ್ ಹಾಕಿದರೆ ನಿಧಾನ ಆಗುತ್ತೆ ಮೇಡಂ, ಬೇಗ ಕೊಟ್ಟರೆ ಅದೇ ಒಳ್ಳೇದು" ಎನ್ನುವ ವಾದವನ್ನು ನಾನು ಬಹಳ ಕೇಳಿದ್ದೇನೆ. ಏಳೆಂಟು ಪಟ್ಟು ಬೇಗ ಕೊಡಲು ಯಾರಿಗೂ ಆಗುವುದಿಲ್ಲ. ವೇಗ ಬೇಕಾದರೆ ಬಣ್ಣದ ನೀರು ತುಂಬಿದ ಸಿರಿಂಜ್ ಇಟ್ಟುಕೊಂಡು ಶೀಲ್ಡ್ ಸಮೇತ ಅಭ್ಯಾಸ ಮಾಡಿ. ಹೊಸದಾಗಿ ಸೇರಿದವರ ಕೈಗೆ ನಿಜವಾದ ಎಫ್‌ಡಿಜಿ ಕೊಡುವ ಮುಂಚೆ ಇದು ಆಗಲೇಬೇಕು.

ಎಫ್‌ಡಿಜಿ ಇರುವ ಚಿಕ್ಕ ಬಾಟಲಿ, ಅಂದರೆ ವಯಲ್ ಅನ್ನು ಎಂದೂ ಕೈಯಲ್ಲಿ ಎತ್ತಬೇಡಿ, ಇಕ್ಕಳ ಬಳಸಿ. ಎಷ್ಟು ಎಂಎಲ್ ಎಳೆಯಬೇಕು ಅಂತ ಮೊದಲೇ ಲೆಕ್ಕ ಹಾಕಿ. ಅಂದಾಜಿನಲ್ಲಿ ಎಳೆದು, ಅಳೆಯುವ ಕ್ಯಾಲಿಬ್ರೇಟರ್‌ಗೆ ಹಾಕಿ, ಜಾಸ್ತಿಯಾಯಿತು ಅಂತ ವಾಪಸ್ ಬಿಟ್ಟು, ಮತ್ತೆ ಎಳೆಯುವುದರಲ್ಲೇ ಬೆರಳಿಗೆ ದುಪ್ಪಟ್ಟು ಬೀಳುತ್ತದೆ. ಅರ್ಧ ಗಂಟೆಗೊಂದು ಸಾಲಿನಂತೆ ಒಂದು ಎಂಎಲ್‌ನಲ್ಲಿ ಎಷ್ಟು ಮಿಲಿಕ್ಯೂರಿ ಇದೆ ಎಂಬ ಪಟ್ಟಿಯನ್ನು ಬೆಂಚ್ ಮುಂದೆ ಅಂಟಿಸಿ. ದಿನಕ್ಕೆ ಹದಿನೈದು ಇಪ್ಪತ್ತು ರೋಗಿಗಳಾದರೆ ತಾನೇ ಎಳೆದು ತಾನೇ ಕೊಡುವ ಯಂತ್ರ ಕೇಳಬಹುದು. ಅದು ಬೆಲೆಬಾಳುವಂಥದ್ದು, ನಿಮ್ಮ ಸಂಖ್ಯೆಗೆ ಒಪ್ಪಿಸುವುದು ಕಷ್ಟ.

ಗಾಡಿಯಲ್ಲಿ ಬರುವ ಎಫ್‌ಡಿಜಿಗೆ ಒಂದು ತೊಂದರೆ ಇದೆ. ಮೂರು ಗಂಟೆಯ ದಾರಿಯಲ್ಲಿ ನೂರು ಇದ್ದದ್ದು ಮೂವತ್ತೆರಡಕ್ಕೆ ಇಳಿದಿರುತ್ತದೆ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಇನ್ನೊಂದು ಗಂಟೆ ತಡವಾದರೆ ಇಪ್ಪತ್ತೆರಡು. ಇದ್ದಷ್ಟರಲ್ಲಿ ಎಲ್ಲರಿಗೂ ಕೊಡಬೇಕು ಅಂತ ಆಗ ಒಂದರ ಹಿಂದೆ ಒಂದು ಇಂಜೆಕ್ಷನ್ ಶುರು. ರೋಗಿಗಳು ಒಟ್ಟಿಗೆ ಒಂದೇ ರೂಮಿನಲ್ಲಿ ತುಂಬುತ್ತಾರೆ, ಒಬ್ಬರನ್ನು ಕರೆಯಲು ಹೋದರೆ ಮೂವರ ಕಿರಣ ನಿಮ್ಮ ಮೇಲೆ. ನಿಮ್ಮ ಟಿಪ್ಪಣಿಯಲ್ಲಿ ಗಾಡಿ ತಡವಾದ ದಿನಗಳ ಅಂಕಿಯನ್ನು ಬೇರೆಯಾಗಿ ಬರೆಯಿರಿ. ಆ ದಿನ ಏನು ಮಾಡಬೇಕು, ಯಾರನ್ನು ನಾಳೆಗೆ ಕಳಿಸಬೇಕು ಅಂತ ಡಾಕ್ಟರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಗಾಡಿ ಬಂದ ಮೇಲೆ ಯೋಚಿಸುವುದಕ್ಕೆ ಹೊತ್ತಿರುವುದಿಲ್ಲ. ಕೊಡುವ ಪ್ರಮಾಣವನ್ನೂ ಒಮ್ಮೆ ಕೇಳಿ ನೋಡಿ. ಎಲ್ಲರಿಗೂ ಒಂದೇ ಹತ್ತು ಮಿಲಿಕ್ಯೂರಿ ಅನ್ನುವ ಕಾಲ ಹೋಯಿತು. ತೂಕ ನೋಡಿ ಕೊಟ್ಟರೆ, ಯಂತ್ರವೂ ಹೊಸದಾಗಿದ್ದರೆ, ಎಷ್ಟೋ ಜನರಿಗೆ ಕಡಿಮೆ ಸಾಕು. ಅಲ್ಲಿ ಇಳಿದದ್ದು ರೋಗಿಗೂ ಲಾಭ, ನಿಮಗೂ ಲಾಭ.

ಪೆಟ್‌ಗೇ ಬಳಸುವ ಇನ್ನೊಂದು ವಿಕಿರಣ ವಸ್ತು ಗ್ಯಾಲಿಯಂ-68 ಕೂಡ ನಿಮ್ಮಲ್ಲಿ ಇದ್ದರೆ ಬೆರಳಿನ ಬಗ್ಗೆ ಇನ್ನೂ ಜಾಗ್ರತೆ. ಅದು ಸೂಸುವ ಪಾಸಿಟ್ರಾನ್ ಎಂಬ ಕಣ ಎಫ್-18ರದಕ್ಕಿಂತ ಬಹಳ ದೂರ ಹೋಗುತ್ತದೆ. ಥೈರಾಯ್ಡ್ ರೋಗಿಗಳಿಗೆ ಕೊಡುವ ಐಯೋಡಿನ್-131 ದ್ರವ ರೂಪದಲ್ಲಿ ಬಳಸುವಲ್ಲಿ ಸಮಸ್ಯೆಯೇ ಬೇರೆ. ಅದು ಆವಿಯಾಗಿ ಉಸಿರಲ್ಲಿ ಹೋಗಿ ಥೈರಾಯ್ಡ್‌ನಲ್ಲಿ ಕೂರುತ್ತದೆ. ಆವಿಯನ್ನು ಎಳೆದುಕೊಳ್ಳುವ ಫ್ಯೂಮ್ ಹುಡ್ ಇಲ್ಲದೆ ಅದರ ಬಾಟಲಿ ತೆರೆಯಬಾರದು.

ಚೆಲ್ಲಿದ ಹನಿಯ ಬಗ್ಗೆ ಚಿಕ್ಕದಾಗಿ: ಎರಡು ಜೊತೆ ಗ್ಲೌಸ್, ಹೊರಗಿನದನ್ನು ಆಗಾಗ ಬದಲಿಸಿ. ಹಾಟ್ ಲ್ಯಾಬ್ ಬಿಡುವ ಮುಂಚೆ ಕೈಯನ್ನು ಮಾನಿಟರ್ ಮುಂದೆ ಹಿಡಿಯಿರಿ. ಚರ್ಮಕ್ಕೆ ತಾಗಿದ್ದರೆ ಉಗುರುಬೆಚ್ಚಗಿನ ನೀರು, ಸೋಪು ಸಾಕು. ಬ್ರಷ್ ಹಾಕಿ ಉಜ್ಜಬೇಡಿ. ಚರ್ಮ ಕಿತ್ತರೆ ಒಳಗೆ ಹೋಗಲು ದಾರಿ ಆಗುತ್ತದೆ. ಇದರಲ್ಲಿ ನಾವು ಮರೆಯುವುದು ಆಯಾ ಮತ್ತು ಕ್ಲೀನಿಂಗ್‌ನವರನ್ನು. ವ್ಹೀಲ್‌ಚೇರ್ ತಳ್ಳುವವರು, ರೋಗಿಗಳ ಟಾಯ್ಲೆಟ್ ತೊಳೆಯುವವರು ಅವರೇ. ಎಷ್ಟೋ ಕಡೆ ಅವರಿಗೆ ಬ್ಯಾಡ್ಜೂ ಇಲ್ಲ, ಯಾರೂ ಏನೂ ಹೇಳಿಯೂ ಇರುವುದಿಲ್ಲ. ಬ್ಯಾಡ್ಜ್ ಕೊಡಿಸಿ, ಟಾಯ್ಲೆಟ್ ತೊಳೆಯುವ ಕೆಲಸವನ್ನು ಮರುದಿನ ಬೆಳಿಗ್ಗೆಗೆ ಇಡಿ. ಎಫ್-18 ಅಷ್ಟು ಹೊತ್ತಿಗೆ ಹೇಳಹೆಸರಿಲ್ಲದಂತೆ ಹೋಗಿರುತ್ತದೆ.

ಕೊನೆಯದಾಗಿ ಮಗುವಿನ ವಿಷಯ. ಈಗ ನಿಮಗೆ ಬೀಳುತ್ತಿರುವ ಡೋಸ್‌ನಿಂದ ಗರ್ಭ ಧರಿಸಲು ತೊಂದರೆ ಆಗುವುದಿಲ್ಲ. ಯೋಚನೆ ಇದೆ ಅಂತ ಈಗಲೇ ಕೆಲಸ ಬಿಡಬೇಕಾಗಿಲ್ಲ. ಆದರೆ ಗರ್ಭಿಣಿ ಎಂದು ತಿಳಿಸಿದ ದಿನದಿಂದ ಹೆರಿಗೆವರೆಗೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ದಾಟಬಾರದು. ಈಗಿನ ಲೆಕ್ಕದಲ್ಲೇ ಹೋದರೆ ಏಳು ತಿಂಗಳಿಗೆ ಬ್ಯಾಡ್ಜ್‌ನಲ್ಲಿ ಎರಡೂವರೆ ಆಗುತ್ತದೆ. ನಿಮ್ಮ ಮೈ ಒಂದಷ್ಟು ತಡೆಯುವುದರಿಂದ ಮಗುವಿಗೆ ಅದಕ್ಕಿಂತ ಕಡಿಮೆ, ಆದರೂ ಮಿತಿಯೊಳಗೆ ಅಂತ ಭರವಸೆ ಕೊಡುವಂತಿಲ್ಲ. ಹಾಗಾಗಿ ಆ ತಿಂಗಳುಗಳಲ್ಲಿ ಇಂಜೆಕ್ಷನ್, ಮಲಗಿಸುವುದು ಎರಡೂ ನಿಮ್ಮದಲ್ಲ. ಕನ್ಸೋಲ್, ಇಮೇಜ್ ಪ್ರೊಸೆಸಿಂಗ್, ಇಂಜೆಕ್ಷನ್‌ಗೆ ಮುಂಚಿನ ವಿಚಾರಣೆ, ರೋಗಿಗಳ ಸರದಿ ಹೊಂದಿಸುವುದು ನಿಮ್ಮದು. ಐಯೋಡಿನ್ ಹತ್ತಿರ ಹೋಗಲೇಬೇಡಿ, ಮಗು ಹಾಲು ಕುಡಿಯುವಷ್ಟು ದಿನವೂ. ಪಾಕೆಟ್ ಡೋಸಿಮೀಟರ್ ಅನ್ನು ಹೊಟ್ಟೆಯ ಹತ್ತಿರ ಹಾಕಿಕೊಂಡು ವಾರಕ್ಕೊಮ್ಮೆ ಬರೆದಿಡಿ. ಮೂರು ತಿಂಗಳಿಗೊಮ್ಮೆ ಬರುವ ವರದಿಗೆ ಕಾಯುವ ವಿಷಯ ಅಲ್ಲ ಅದು.

ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ ಎನ್ನುವ ರೂಢಿ ನಮ್ಮಲ್ಲಿದೆ. ನೆಂಟರಿಗೆ ಹಾಗೇ ಮಾಡಿ. ಆರ್‌ಎಸ್‌ಒಗೆ ಮಾತ್ರ ಗೊತ್ತಾದ ದಿನವೇ ತಿಳಿಸಿ. ನೀವು ತಿಳಿಸುವವರೆಗೆ ಅವರು ಏನೂ ಬದಲಾಯಿಸಲು ಆಗುವುದಿಲ್ಲ. ತಿಳಿಸಿದ್ದನ್ನೇ ನೆಪ ಮಾಡಿ ಕೆಲಸದಿಂದ ತೆಗೆಯಬಾರದು ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸುರಕ್ಷಾ ನಿಯಮಗಳಲ್ಲಿ ಸ್ಪಷ್ಟವಾಗಿ ಇದೆ. ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಬರೆದು ದಿನಾಂಕ ಹಾಕಿ ಕೊಡಿ, ಸಹಿ ಮಾಡಿಸಿದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.